ಒಂದು ಕವರ್, ಎರಡು ಬ್ಯಾಲೆಟ್: ಕೊಲೊರಾಡೋದ ಪಕ್ಷೇತರ ಮತದಾರರ ಪ್ರಕರಣ

2024ರ ಜೂನ್ ತಿಂಗಳು. ಅಮೆರಿಕದ ಕೊಲೊರಾಡೋ ರಾಜ್ಯದ ಹೈಲ್ಯಾಂಡ್ಸ್ ರಾಂಚ್‌ನಿಂದ ಅಕ್ಕ ಫೋನ್ ಮಾಡಿದಳು. ಅಕ್ಕ, ಭಾವ ಇಬ್ಬರೂ ಅಲ್ಲಿನ ಪೌರತ್ವ ಪಡೆದು ಕೆಲವು ವರ್ಷಗಳಾಗಿವೆ. ಮತದಾರರ ಪಟ್ಟಿಯಲ್ಲಿ ಹೆಸರಿದೆ. ಆದರೆ ಯಾವ ಪಕ್ಷಕ್ಕೂ ಹೆಸರು ಕೊಟ್ಟಿಲ್ಲ.

“ಟಪಾಲಲ್ಲಿ ಒಂದು ಕವರ್ ಬಂದಿದೆ ಕಣೋ. ಒಳಗೆ ಎರಡು ಬ್ಯಾಲೆಟ್ ಇದೆ. ಒಂದು ಡೆಮಾಕ್ರಟಿಕ್ ಪಕ್ಷದ್ದು, ಇನ್ನೊಂದು ರಿಪಬ್ಲಿಕನ್ ಪಕ್ಷದ್ದು. ಒಂದನ್ನ ಮಾತ್ರ ತುಂಬಿ ಕಳಿಸಬೇಕಂತೆ. ನಿಮ್ಮ ಭಾವ ನೋಡಿದ್ರೆ ಎರಡೂ ಕಸಕ್ಕೆ ಹಾಕು ಅಂತಿದ್ದಾರೆ.”

ಹಿಂದಿನಿಂದ ಭಾವನ ದನಿ ಕೇಳಿಸಿತು. “ನಾವು ಆ ಪಕ್ಷದವರಲ್ಲ, ಈ ಪಕ್ಷದವರೂ ಅಲ್ಲ. ಅವರ ಅಭ್ಯರ್ಥಿ ಯಾರು ಅಂತ ಅವರು ತೀರ್ಮಾನ ಮಾಡ್ಕೊಳ್ಳಲಿ. ಊರಲ್ಲಿ ಹಾಲಿನ ಸೊಸೈಟಿ ಎಲೆಕ್ಷನ್‌ಗೆ ಸದಸ್ಯರಲ್ಲದೋರು ಹೋಗಿ ಓಟು ಹಾಕ್ತಾರಾ?”

ಅಕ್ಕ ಬಿಡಲಿಲ್ಲ. “ನಮ್ಮ ಕ್ಷೇತ್ರದಲ್ಲಿ ನವೆಂಬರ್‌ನಲ್ಲಿ ಯಾರು ಗೆಲ್ತಾರೆ ಅನ್ನೋದು ಜೂನ್‌ನಲ್ಲೇ ಗೊತ್ತಾಗಿಹೋಗುತ್ತೆ. ಈಗ ಸುಮ್ನಿದ್ದು ಆಮೇಲೆ ಹಾಕೋ ಓಟಿಗೆ ಏನು ಬೆಲೆ ಇದೆ ಹೇಳಿ?”

ಇಬ್ಬರ ಮಾತೂ ಸರಿ ಅನ್ನಿಸಿತು. ಅದಕ್ಕೇ ಈ ವಿಷಯ ನನ್ನನ್ನು ಬಿಡಲಿಲ್ಲ. ಪಕ್ಷಕ್ಕೆ ಸೇರದವರು ಪಕ್ಷದ ಅಭ್ಯರ್ಥಿಯನ್ನು ಆರಿಸಬಹುದೇ? ಕೊಲೊರಾಡೋ ರಾಜ್ಯ ಇದನ್ನು ಹಲವು ಚುನಾವಣೆಗಳಲ್ಲಿ ಮಾಡಿ ನೋಡಿದೆ. ಆದ್ದರಿಂದ ಬರೀ ಊಹೆಯ ಮೇಲೆ ವಾದ ಮಾಡಬೇಕಾಗಿಲ್ಲ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಪಕ್ಷೇತರರು ಓಟು ಹಾಕಬೇಕು. ಆದರೆ ತಮ್ಮನ್ನು ಪ್ರತಿನಿಧಿಸಲು ಯೋಗ್ಯರು ಅನ್ನಿಸಿದವರಿಗೆ ಹಾಕಬೇಕು. ಆ ಪಕ್ಷವನ್ನು ಕೆಡಿಸಲು ಅಂತ ಹಾಕಬಾರದು. ಅದು ಯಾಕೆ ಅನ್ನುವುದಕ್ಕೆ ಈ ರಾಜ್ಯದ ಕಥೆಯನ್ನೇ ಹೇಳಬೇಕು.

ಟಿಕೆಟ್ ಕೊಡುವುದು ಯಾರು?

ನಮ್ಮಲ್ಲಿ ಪಕ್ಷೇತರ ಅಂದರೆ ತಕ್ಷಣ ನೆನಪಾಗುವುದು ಅಭ್ಯರ್ಥಿ. ಅಲ್ಲಿ ಮತದಾರರಲ್ಲೂ ಪಕ್ಷೇತರರಿದ್ದಾರೆ. ಮತದಾರರ ಪಟ್ಟಿಗೆ ಹೆಸರು ಸೇರಿಸುವಾಗಲೇ ಪಕ್ಷ ಯಾವುದು ಅಂತ ಕೊಲೊರಾಡೋದಂಥ ಹಲವು ರಾಜ್ಯಗಳಲ್ಲಿ ಕೇಳುತ್ತಾರೆ. ಯಾವುದೂ ಇಲ್ಲ ಅಂದರೆ ನೀವು ‘ಅನ್‌ಅಫಿಲಿಯೇಟೆಡ್’. ಕೊಲೊರಾಡೋದಲ್ಲಿ ಡ್ರೈವಿಂಗ್ ಲೈಸೆನ್ಸ್ ಮಾಡಿಸಿದರೆ ಅರ್ಹರ ಹೆಸರು ತಾನಾಗಿಯೇ ಪಟ್ಟಿಗೆ ಸೇರುತ್ತದೆ. ಹಾಗೆ ಸೇರಿದವರು ತಾವಾಗಿ ಪಕ್ಷ ಬರೆಸದಿದ್ದರೆ ಪಕ್ಷೇತರರಾಗಿಯೇ ಉಳಿಯುತ್ತಾರೆ. 2016ರಲ್ಲೇ ಅವರ ಸಂಖ್ಯೆ 10 ಲಕ್ಷ ದಾಟಿತ್ತು. 2024ರ ಹೊತ್ತಿಗೆ ರಾಜ್ಯದ ಮತದಾರರಲ್ಲಿ ಅರ್ಧದ ಹತ್ತಿರ ಹತ್ತಿರ ಅವರೇ ಇದ್ದರು. ಎರಡು ದೊಡ್ಡ ಪಕ್ಷಗಳಲ್ಲಿ ಯಾವುದಕ್ಕೂ ಅಷ್ಟು ಜನ ಇಲ್ಲ.

ನಮ್ಮ ಕರ್ನಾಟಕದಲ್ಲಿ ಟಿಕೆಟ್ ಅನ್ನುವುದು ಹೈಕಮಾಂಡ್ ಕೈಲಿರುತ್ತದೆ. ಬಿ ಫಾರಂ ಯಾರ ಕೈಗೆ ಬಂತೋ ಅವರೇ ಅಭ್ಯರ್ಥಿ. ಅಲ್ಲಿ ಹಾಗಲ್ಲ. ನವೆಂಬರ್‌ನ ಮುಖ್ಯ ಚುನಾವಣೆಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕು ಅನ್ನುವುದಕ್ಕೇ ಮೊದಲು ಒಂದು ಚುನಾವಣೆ ನಡೆಯುತ್ತದೆ. ಅದೇ ಪ್ರೈಮರಿ. ಬ್ಯಾಲೆಟ್ ಮುದ್ರಿಸುವುದು, ಅಂಚೆಯಲ್ಲಿ ಕಳಿಸುವುದು, ಎಣಿಸುವುದು ಎಲ್ಲ ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ಘಟಕದ, ಚುನಾವಣಾ ಕಚೇರಿ. ಖರ್ಚು ಸಾರ್ವಜನಿಕ ಹಣದ್ದು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲು ಕೊಲೊರಾಡೋದಲ್ಲೂ ಪಕ್ಷೇತರರಿಗೆ ಪ್ರೈಮರಿಯಲ್ಲಿ ಸುಮ್ನೆ ಹೋಗಿ ಓಟು ಹಾಕಲು ಆಗುತ್ತಿರಲಿಲ್ಲ. ಯಾವುದಾದರೂ ಒಂದು ಪಕ್ಷಕ್ಕೆ ಹೆಸರು ಬರೆಸಬೇಕಿತ್ತು. ಅಧ್ಯಕ್ಷೀಯ ಅಭ್ಯರ್ಥಿಯ ವಿಷಯದಲ್ಲಂತೂ ಪ್ರೈಮರಿಯೇ ಇರಲಿಲ್ಲ, ಕಾಕಸ್ ಇತ್ತು. ಕಾಕಸ್ ಅಂದರೆ ಪಕ್ಷದವರು ಸಂಜೆ ಹೊತ್ತು ಶಾಲೆಯಲ್ಲೋ ಸಭಾಂಗಣದಲ್ಲೋ ಸೇರಿ ಮಾತಾಡಿ ತೀರ್ಮಾನ ಮಾಡುವ ಸಭೆ.

2016ರ ಮಾರ್ಚ್ 1ರಂದು ಆ ವ್ಯವಸ್ಥೆಗೆ ಪೆಟ್ಟು ಬಿತ್ತು. ಡೆಮಾಕ್ರಟಿಕ್ ಪಕ್ಷದ ಕಾಕಸ್‌ಗಳಿಗೆ ಜನ ಕಿಕ್ಕಿರಿದು ಬಂದರು. ಕೋಣೆಗಳು ಸಾಲಲಿಲ್ಲ, ಕ್ಯೂ ಬೀದಿಗೆ ಬಂತು. ರಿಪಬ್ಲಿಕನ್ ಪಕ್ಷ ಆ ವರ್ಷ ಕಾಕಸ್‌ನಲ್ಲಿ ಅಧ್ಯಕ್ಷೀಯ ಅಭ್ಯರ್ಥಿಗೆ ಮತ ಎಣಿಸುವುದನ್ನೇ ಕೈಬಿಟ್ಟಿತ್ತು. ರಾಷ್ಟ್ರೀಯ ಸಮಾವೇಶಕ್ಕೆ ಹೋಗಿ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸುವ ಪ್ರತಿನಿಧಿಗಳು ಏಪ್ರಿಲ್‌ನಲ್ಲಿ ಪಕ್ಷದ ಸಮಾವೇಶಗಳಲ್ಲಿ ಆಯ್ಕೆಯಾದರು. ಅಲ್ಲಿ ಟ್ರಂಪ್ ಅವರ ಪ್ರತಿಸ್ಪರ್ಧಿ ಟೆಡ್ ಕ್ರೂಜ್ ಪೂರ್ತಿ ಗುಡಿಸಿಕೊಂಡು ಹೋದರು. ಸಾಮಾನ್ಯ ಜನರಿಗೆ ಓಟು ಹಾಕಲು ಅವಕಾಶವೇ ಕೊಡಲಿಲ್ಲ ಅಂತ ಡೊನಾಲ್ಡ್ ಟ್ರಂಪ್ ಬಹಿರಂಗವಾಗಿ ಕಿಡಿ ಕಾರಿದರು. ಎರಡೂ ಪಕ್ಷಗಳ ಬೆಂಬಲಿಗರಲ್ಲಿ ಬೇಸರ ಇತ್ತು. ಪಕ್ಷೇತರರಿಗೆ ಯಾವ ಬಾಗಿಲೂ ಇರಲಿಲ್ಲ.

ಆ ನವೆಂಬರ್‌ನಲ್ಲೇ ಎರಡು ಪ್ರಸ್ತಾವಗಳು ಜನರ ಮುಂದೆ ಬಂದವು. ಇವುಗಳ ಹಿಂದೆ ನಿಂತವರಲ್ಲಿ ಮುಖ್ಯರು ಡೆನ್ವರ್‌ನ ಡಯಾಲಿಸಿಸ್ ಕಂಪನಿ ಡವೀಟಾದ ಮುಖ್ಯಸ್ಥರಾಗಿದ್ದ ಕೆಂಟ್ ಥೀರಿ. ಪ್ರಸ್ತಾವ 107 ಅಧ್ಯಕ್ಷೀಯ ಪ್ರೈಮರಿಯನ್ನು ವಾಪಸ್ ತಂದಿತು. ಅದಕ್ಕೆ ಶೇ. 64 ಮತ ಬಿತ್ತು. ಪ್ರಸ್ತಾವ 108 ಉಳಿದ ಪ್ರೈಮರಿಗಳನ್ನೂ ಪಕ್ಷೇತರರಿಗೆ ತೆರೆಯಿತು. ಅದಕ್ಕೆ ಶೇ. 53 ಮಾತ್ರ. ಈ ವ್ಯತ್ಯಾಸ ಗಮನಿಸಬೇಕು. ಪ್ರೈಮರಿ ಬೇಕು ಅಂದವರೆಲ್ಲ ಅದರ ಬಾಗಿಲು ಎಲ್ಲರಿಗೂ ತೆಗೆಯಿರಿ ಅನ್ನಲಿಲ್ಲ.

108ರಲ್ಲಿ ಪಕ್ಷಗಳಿಗೆ ಒಂದು ದಾರಿಯನ್ನೂ ಬಿಟ್ಟಿದ್ದರು. ಪಕ್ಷದ ರಾಜ್ಯ ಸಮಿತಿಯ ಒಟ್ಟು ಸದಸ್ಯರಲ್ಲಿ ನಾಲ್ಕನೇ ಮೂರು ಭಾಗ ಒಪ್ಪಿದರೆ ಪ್ರೈಮರಿಯಿಂದಲೇ ಹೊರಗುಳಿಯಬಹುದು. ಆಗ ಅಭ್ಯರ್ಥಿಗಳನ್ನು ಪಕ್ಷದ ಸಮಾವೇಶದಲ್ಲೇ ಆರಿಸಿಕೊಳ್ಳಬೇಕು.

ಹೊಸ ಪದ್ಧತಿ ಮೊದಲು ನಡೆದದ್ದು 2018ರ ಜೂನ್ 26ರಂದು. ಕೊಲೊರಾಡೋದಲ್ಲಿ ಚುನಾವಣೆ ನಡೆಯುವುದೇ ಅಂಚೆಯಲ್ಲಿ. ಎಲ್ಲ ಮತದಾರರ ಮನೆಗೂ ಬ್ಯಾಲೆಟ್ ಬರುತ್ತದೆ. ಪಕ್ಷೇತರರಿಗೆ ಎರಡೂ ಪಕ್ಷದ ಬ್ಯಾಲೆಟ್ ಒಂದೇ ಕವರಿನಲ್ಲಿ ಬಂತು. ಒಂದನ್ನು ವಾಪಸ್ ಕಳಿಸಿದರೆ ಲೆಕ್ಕಕ್ಕೆ. ಎರಡೂ ತುಂಬಿ ಕಳಿಸಿದರೆ ಎರಡೂ ರದ್ದು. ಎಷ್ಟೇ ಪ್ರಚಾರ ಮಾಡಿದರೂ ಮೊದಲ ಸಲ ಸಾವಿರಾರು ಜನ ಎರಡೂ ತುಂಬಿ ಓಟು ಕಳಕೊಂಡರು. ಅಕ್ಕನಿಗೆ ನಾನು ಮೊದಲು ಹೇಳಿದ್ದೇ ಈ ಮಾತು. ಇನ್ನೊಂದು ಸಂಗತಿಯೂ ಜಾಸ್ತಿ ಜನಕ್ಕೆ ಗೊತ್ತಿರುವುದಿಲ್ಲ. ನೀವು ಯಾರಿಗೆ ಹಾಕಿದಿರಿ ಅನ್ನುವುದು ಗುಟ್ಟಾಗಿಯೇ ಇರುತ್ತದೆ. ಆದರೆ ಯಾವ ಪಕ್ಷದ ಬ್ಯಾಲೆಟ್ ಕಳಿಸಿದಿರಿ ಅನ್ನುವುದು ಸಾರ್ವಜನಿಕ ದಾಖಲೆ. ನೆರೆಹೊರೆಯವರು ಏನಂದುಕೊಳ್ಳುತ್ತಾರೋ ಅನ್ನುವ ಅಳುಕಿರುವವರು ಇದನ್ನು ತಿಳಿದೇ ಮುಂದುವರಿಯಬೇಕು.

2022: ಸಮಾವೇಶ ಒಂದು ಕಡೆ, ಪ್ರೈಮರಿ ಇನ್ನೊಂದು ಕಡೆ

ಈ ಇಡೀ ಕಥೆಯಲ್ಲಿ ನಾನು ಮತ್ತೆ ಮತ್ತೆ ಹಿಂದಿರುಗಿ ನೋಡುವುದು 2022ನೇ ಇಸವಿಯನ್ನು.

ಕೊಲೊರಾಡೋದಲ್ಲಿ ಪ್ರೈಮರಿ ಬ್ಯಾಲೆಟ್‌ಗೆ ಹೆಸರು ಬರಲು ಎರಡು ದಾರಿ. ಒಂದು, ಪಕ್ಷದ ಸಮಾವೇಶದಲ್ಲಿ ಕನಿಷ್ಠ ಶೇ. 30 ಬೆಂಬಲ ಪಡೆಯುವುದು. ಇನ್ನೊಂದು, ಪಕ್ಷದ ಮತದಾರರಿಂದ ಸಹಿ ಸಂಗ್ರಹಿಸುವುದು. 2022ರ ಏಪ್ರಿಲ್‌ನಲ್ಲಿ ರಿಪಬ್ಲಿಕನ್ ಸಮಾವೇಶ ಕೊಲೊರಾಡೋ ಸ್ಪ್ರಿಂಗ್ಸ್‌ನಲ್ಲಿ ನಡೆಯಿತು. ಸೇರಿದ್ದವರು ಪಕ್ಷಕ್ಕಾಗಿ ದುಡಿಯುವ ಕಟ್ಟಾ ಕಾರ್ಯಕರ್ತರು. ಸೆನೆಟ್ ಸ್ಥಾನಕ್ಕೆ ಆ ಸಮಾವೇಶದಿಂದ ಬ್ಯಾಲೆಟ್‌ಗೆ ಬಂದವರು ಒಬ್ಬರೇ, ರಾನ್ ಹ್ಯಾಂಕ್ಸ್. 2020ರ ಅಧ್ಯಕ್ಷೀಯ ಚುನಾವಣೆಯ ಫಲಿತಾಂಶವನ್ನೇ ಅವರು ಒಪ್ಪುತ್ತಿರಲಿಲ್ಲ. ಗವರ್ನರ್ ಅಂದರೆ ಅಲ್ಲಿ ಜನರೇ ಆರಿಸುವ ರಾಜ್ಯ ಸರ್ಕಾರದ ಮುಖ್ಯಸ್ಥರು. ಆ ಸ್ಥಾನಕ್ಕೆ ಮೊದಲು ಬಂದವರು ಪಾರ್ಕರ್ ಊರಿನ ಹಿಂದಿನ ಮೇಯರ್ ಗ್ರೆಗ್ ಲೋಪೆಜ್. ಸೆಕ್ರೆಟರಿ ಆಫ್ ಸ್ಟೇಟ್ ಅಂದರೆ ರಾಜ್ಯದ ಚುನಾವಣೆಗಳನ್ನು ನೋಡಿಕೊಳ್ಳುವ ಹುದ್ದೆ, ಅದಕ್ಕೂ ಚುನಾವಣೆಯೇ. ಆ ಹುದ್ದೆಗೆ ದೊಡ್ಡ ಅಂತರದಲ್ಲಿ ಮೊದಲು ಬಂದವರು ಮೆಸಾ ಕೌಂಟಿಯ ಚುನಾವಣಾ ಅಧಿಕಾರಿ ಟೀನಾ ಪೀಟರ್ಸ್. ಮತಯಂತ್ರದ ಭದ್ರತೆ ಮುರಿದ ಆರೋಪದಲ್ಲಿ ಅವರ ಮೇಲೆ ಆಗಲೇ ಕ್ರಿಮಿನಲ್ ಪ್ರಕರಣ ದಾಖಲಾಗಿತ್ತು. 2024ರಲ್ಲಿ ಅವರಿಗೆ ಶಿಕ್ಷೆಯೂ ಆಯಿತು.

ಎರಡೂವರೆ ತಿಂಗಳ ನಂತರ, ಜೂನ್ 28ರಂದು ಪ್ರೈಮರಿ. ಮೂವರೂ ಸೋತರು.

ಸೆನೆಟ್‌ಗೆ ಸಹಿ ಸಂಗ್ರಹಿಸಿ ಬಂದಿದ್ದ, ಕಟ್ಟಡ ನಿರ್ಮಾಣ ಕಂಪನಿಯ ಮಾಲೀಕ ಜೋ ಓಡೇ ಶೇ. 54ರಷ್ಟು ಪಡೆದು ಗೆದ್ದರು. ಗವರ್ನರ್ ಸ್ಥಾನಕ್ಕೆ ಹೈಡಿ ಗನಾಲ್ ಸುಮಾರು ಅಷ್ಟೇ ಮತದಿಂದ ಗೆದ್ದರು. ಸೆಕ್ರೆಟರಿ ಆಫ್ ಸ್ಟೇಟ್ ಸ್ಥಾನಕ್ಕೆ ಜೆಫರ್ಸನ್ ಕೌಂಟಿಯಲ್ಲಿ ಚುನಾವಣಾ ಅಧಿಕಾರಿಯಾಗಿ ಕೆಲಸ ಮಾಡಿದ್ದ ಪ್ಯಾಮ್ ಆ್ಯಂಡರ್ಸನ್ ಗೆದ್ದರು. ಸಮಾವೇಶದ ಆಯ್ಕೆಯೇ ಬೇರೆ, ಮನೆಮನೆಯಿಂದ ಬಂದ ಕವರುಗಳ ಆಯ್ಕೆಯೇ ಬೇರೆ ಆಯಿತು.

ಇದೆಲ್ಲ ಪಕ್ಷೇತರರಿಂದಲೇ ಆಯಿತು ಅಂತ ನಾನು ಹೇಳುವುದಿಲ್ಲ. ಕವರಿನಿಂದ ತೆಗೆದ ಮೇಲೆ ಬ್ಯಾಲೆಟ್‌ಗಳೆಲ್ಲ ಬೆರೆತುಹೋಗುತ್ತವೆ. ಪಕ್ಷದವರ ಓಟು ಇಷ್ಟು, ಪಕ್ಷೇತರರ ಓಟು ಇಷ್ಟು ಅಂತ ಬೇರೆ ಮಾಡಲು ಸಾಧ್ಯವೇ ಇಲ್ಲ. ಪಕ್ಷದ ಸದಸ್ಯರಲ್ಲೇ ಸಮಾವೇಶಕ್ಕೆ ಹೋಗುವವರು ಬೇರೆ, ಮನೆಯಲ್ಲಿ ಕೂತು ಬ್ಯಾಲೆಟ್ ತುಂಬುವವರು ಬೇರೆ. ಆದರೆ ಎಲ್ಲಿ ಸ್ಪರ್ಧೆ ಇರುತ್ತದೋ ಪಕ್ಷೇತರರು ಅಲ್ಲಿಗೆ ಹೋಗುತ್ತಾರೆ ಅನ್ನುವುದು ಸ್ಪಷ್ಟ. 2018ರಲ್ಲಿ ಅವರಲ್ಲಿ ಜಾಸ್ತಿ ಮಂದಿ ಡೆಮಾಕ್ರಟಿಕ್ ಬ್ಯಾಲೆಟ್ ಕಳಿಸಿದ್ದರು. 2022ರಲ್ಲಿ ರಿಪಬ್ಲಿಕನ್ ಬ್ಯಾಲೆಟ್ ಜಾಸ್ತಿ ಆಯಿತು. ಆ ವರ್ಷ ರಾಜ್ಯಮಟ್ಟದ ಬಿಸಿ ಸ್ಪರ್ಧೆ ಇದ್ದದ್ದು ಅಲ್ಲೇ.

ಈಗ ಪಕ್ಷದವರ ದೊಡ್ಡ ಭಯಕ್ಕೆ ಬರೋಣ. ಎದುರು ಪಕ್ಷದ ಬೆಂಬಲಿಗರು ಪಕ್ಷೇತರರ ವೇಷದಲ್ಲಿ ಒಳಗೆ ಬಂದು, ನವೆಂಬರ್‌ನಲ್ಲಿ ಸೋಲಿಸಲು ಸುಲಭವಾದ ಅಭ್ಯರ್ಥಿಯನ್ನು ಬೇಕಂತಲೇ ಆರಿಸಿದರೆ? ಈ ಭಯ ಸುಳ್ಳಲ್ಲ. ಆದರೆ 2022ರಲ್ಲಿ ಹಾಗೆ ಬೇಕಂತಲೇ ಕೈಯಾಡಿಸಿದವರು ಯಾರು ನೋಡಿ. ಡೆಮಾಕ್ರಟಿಕ್ ಪಕ್ಷದ ಪರವಾದ ಗುಂಪುಗಳು ಹ್ಯಾಂಕ್ಸ್ ಗೆಲ್ಲಲಿ ಅಂತ ಲಕ್ಷಾಂತರ ಡಾಲರ್ ಜಾಹೀರಾತಿಗೆ ಸುರಿದವು. ಮೇಲ್ನೋಟಕ್ಕೆ ಅವು ಬೈಗುಳ. ಹ್ಯಾಂಕ್ಸ್ ಕೊಲೊರಾಡೋಗೆ ಅತಿಯಾದ ಬಲಪಂಥೀಯ, ಗರ್ಭಪಾತವನ್ನೇ ನಿಷೇಧಿಸಬೇಕು ಅನ್ನುತ್ತಾರೆ, ಟ್ರಂಪ್ ಪರ, ಹೀಗೆ. ಕಟ್ಟಾ ರಿಪಬ್ಲಿಕನ್ ಮತದಾರರ ಕಿವಿಗೆ ಅದೇ ಹೊಗಳಿಕೆಯಾಗಿ ಕೇಳಲಿ ಅನ್ನುವುದು ಲೆಕ್ಕಾಚಾರ. ಅಂದರೆ ಆಟ ಆಡಿದ್ದು ಹಣ. ಪಕ್ಷೇತರ ಮತದಾರರು ಕೆಡಿಸಲು ಬಂದಿದ್ದರೆ ಹ್ಯಾಂಕ್ಸ್ ಗೆಲ್ಲಬೇಕಿತ್ತಲ್ವಾ? ಅವರು ಸುಮಾರು 9 ಶೇಕಡಾ ಅಂತರದಲ್ಲಿ ಸೋತರು. ಬಾಗಿಲು ಮುಚ್ಚಿದ ಪ್ರೈಮರಿಯಲ್ಲೂ ಇಂಥ ಜಾಹೀರಾತು ನಿಲ್ಲುವುದಿಲ್ಲ. ನನಗೆ ಈ ಪ್ರಕರಣದಲ್ಲಿ ಜಾಸ್ತಿ ಕೋಪ ಬಂದದ್ದು ಇದೇ ಜಾಗದಲ್ಲಿ. ಚುನಾವಣೆಯ ಫಲಿತಾಂಶವನ್ನೇ ನಂಬದವರಿಂದ ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ವೇದಿಕೆಯ ಮೇಲೆ ಹೇಳಿ, ಅಂಥವರನ್ನೇ ಗೆಲ್ಲಿಸಲು ಹಣ ಹಾಕುವುದು ಸರಿಯಲ್ಲ.

ಅದೇ ವರ್ಷ ರಾಜ್ಯದ ಪಶ್ಚಿಮ ಭಾಗದ 3ನೇ ಕ್ಷೇತ್ರದಲ್ಲಿ ಇನ್ನೊಂದು ಪ್ರಯತ್ನ ನಡೆಯಿತು. ಅಲ್ಲಿನ ಕಟ್ಟಾ ಬಲಪಂಥೀಯ ರಿಪಬ್ಲಿಕನ್ ಸಂಸದೆ ಲಾರೆನ್ ಬೋಬರ್ಟ್ ಅವರನ್ನು ಪ್ರೈಮರಿಯಲ್ಲೇ ಸೋಲಿಸಬೇಕು ಅಂತ ಹಲವು ಡೆಮಾಕ್ರಟಿಕ್ ಮತದಾರರು ತಮ್ಮ ಪಕ್ಷದಿಂದ ಹೆಸರು ತೆಗೆಸಿ ಪಕ್ಷೇತರರಾದರು. ರಿಪಬ್ಲಿಕನ್ ಬ್ಯಾಲೆಟ್‌ನಲ್ಲಿ ಸ್ಟೇಟ್ ಸೆನೆಟರ್ ಡಾನ್ ಕೋರಮ್ ಅವರಿಗೆ ಓಟು ಹಾಕಿದರು. ಆದರೂ ಬೋಬರ್ಟ್ ಸುಮಾರು ಮೂರನೇ ಎರಡು ಭಾಗ ಮತ ಪಡೆದು ಗೆದ್ದರು. ಇದು ಕೆಡಿಸುವ ಓಟು ಅಂತ ನನಗೆ ಅನ್ನಿಸುವುದಿಲ್ಲ. ಅವರು ಸೋಲುವ ಅಭ್ಯರ್ಥಿಯನ್ನು ಹುಡುಕಲಿಲ್ಲ. ತಮ್ಮ ಕ್ಷೇತ್ರವನ್ನು ಹೇಗೂ ರಿಪಬ್ಲಿಕನ್ನರೇ ಆಳುವುದಾದರೆ ತಾವು ಒಪ್ಪಬಹುದಾದ ರಿಪಬ್ಲಿಕನ್ ಯಾರು ಅಂತ ಹುಡುಕಿದರು. ಆದರೆ ಆ ಲೆಕ್ಕವೂ ಪೂರ್ತಿ ಸರಿಯಿರಲಿಲ್ಲ. ನವೆಂಬರ್‌ನಲ್ಲಿ ಬೋಬರ್ಟ್ ಗೆದ್ದದ್ದು ಬರೀ 546 ಮತಗಳಿಂದ. ಎದುರಾಳಿ ಆ್ಯಸ್ಪೆನ್ ನಗರದ ಆ್ಯಡಮ್ ಫ್ರಿಶ್ ತಮ್ಮ ಡೆಮಾಕ್ರಟಿಕ್ ಪ್ರೈಮರಿಯನ್ನು ಗೆದ್ದದ್ದು 300ಕ್ಕೂ ಕಡಿಮೆ ಮತಗಳಿಂದ. ಪಕ್ಷ ಬಿಟ್ಟು ಆಚೆ ಹೋಗಿದ್ದ ಆ ಮತದಾರರು ತಮ್ಮದೇ ಪಕ್ಷದ ಅಷ್ಟು ಬಿಗಿಯಾದ ಸ್ಪರ್ಧೆಯಲ್ಲಿ ಓಟು ಹಾಕಲಾಗಲಿಲ್ಲ. ಒಂದು ಬಾಗಿಲು ಆರಿಸಿಕೊಂಡರೆ ಇನ್ನೊಂದು ಮುಚ್ಚುತ್ತದೆ.

ಎಲ್ಲರಿಗೂ ಬಾಗಿಲು ತೆಗೆದರೆ ಮಧ್ಯಮ ಮಾರ್ಗದವರು ಗೆಲ್ಲುತ್ತಾರೆ ಅಂತ ತುಂಬ ಜನ ನಂಬಿದ್ದಾರೆ. ಬೋಬರ್ಟ್ ಅವರ ಕಥೆ ಅದಕ್ಕೆ ಒಳ್ಳೆಯ ಉತ್ತರ. 2020ರಲ್ಲಿ ಅವರು ಐದು ಸಲ ಗೆದ್ದಿದ್ದ ಸಂಸದ ಸ್ಕಾಟ್ ಟಿಪ್ಟನ್ ಅವರನ್ನು ಸೋಲಿಸಿದ್ದು ಇದೇ ತೆರೆದ ಪ್ರೈಮರಿಯಲ್ಲಿ. ಇನ್ನು 2022ರಲ್ಲಿ ಪ್ರೈಮರಿ ಗೆದ್ದ ಓಡೇ, ಗನಾಲ್, ಆ್ಯಂಡರ್ಸನ್ ಮೂವರೂ ನವೆಂಬರ್‌ನಲ್ಲಿ ದೊಡ್ಡ ಅಂತರದಲ್ಲಿ ಸೋತರು. “ಜೂನ್‌ನಲ್ಲಿ ಬಂದು ನಮ್ಮ ಅಭ್ಯರ್ಥಿಯನ್ನು ಆರಿಸಿದಿರಿ, ನವೆಂಬರ್‌ನಲ್ಲಿ ಎಲ್ಲಿಗೆ ಹೋದಿರಿ?” ಅಂತ ಒಬ್ಬ ರಿಪಬ್ಲಿಕನ್ ಕಾರ್ಯಕರ್ತ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಮನೆಮನೆ ಬಾಗಿಲು ತಟ್ಟುವವರು ಅವರು. ಚಳಿಯಲ್ಲಿ ಕರಪತ್ರ ಹಂಚುವವರು ಅವರು. ಆ ನೋವನ್ನು ಪಕ್ಕಕ್ಕೆ ಸರಿಸಿ ಈ ಚರ್ಚೆ ಮಾಡಬಾರದು.

ಬಾಗಿಲು ಮುಚ್ಚುವ ಪ್ರಯತ್ನ

ಪಕ್ಷ ಸುಮ್ಮನೆ ಕೂರಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಪ್ವೆಬ್ಲೊದಲ್ಲಿ ಸೇರಿದ ರಿಪಬ್ಲಿಕನ್ ರಾಜ್ಯ ಸಮಿತಿ ಪ್ರೈಮರಿಯಿಂದ ಹೊರಗುಳಿಯುವ ಬಗ್ಗೆ ಮತ ಹಾಕಿತು. ನಾಲ್ಕನೇ ಮೂರು ಭಾಗ ಸಿಗಲಿಲ್ಲ. 2023ರಲ್ಲಿ ಮತ್ತೆ ಪ್ರಯತ್ನ. ಈ ಸಲ ಸಭೆಗೆ ಬಾರದ ಸದಸ್ಯರ ಮತವನ್ನು ‘ಹೌದು’ ಅಂತಲೇ ಎಣಿಸೋಣ ಅಂತ ನಿಯಮ ಬದಲಿಸಲು ಹೊರಟರು. ಅದನ್ನೂ ಸಮಿತಿಯೇ ಒಪ್ಪಲಿಲ್ಲ. ಪಕ್ಷದ ಒಳಗೇ ತುಂಬ ಜನಕ್ಕೆ ಪ್ರೈಮರಿ ಬಿಡುವುದು ಬೇಡವಾಗಿತ್ತು. ಪಕ್ಷೇತರರನ್ನು ಹೊರಗಿಡಲು ಹೋದರೆ ಸಮಾವೇಶಕ್ಕೆ ಬಾರದ ತಮ್ಮದೇ ಲಕ್ಷಾಂತರ ಸದಸ್ಯರ ಓಟನ್ನೂ ಕಿತ್ತುಕೊಂಡಂತೆ ಆಗುತ್ತಿತ್ತು.

ಪಕ್ಷ 2023ರಲ್ಲೇ ಫೆಡರಲ್ ಕೋರ್ಟಿಗೂ ಹೋಯಿತು. ಅದರ ವಾದಕ್ಕೆ ಕಾನೂನಿನ ಬಲ ಇರಲಿಲ್ಲ ಅಂತ ಹೇಳಲಾಗದು. ಕ್ಯಾಲಿಫೋರ್ನಿಯಾದಲ್ಲಿ ಎಲ್ಲ ಪಕ್ಷಗಳ ಹೆಸರನ್ನೂ ಒಂದೇ ಪ್ರೈಮರಿ ಬ್ಯಾಲೆಟ್‌ನಲ್ಲಿ ಹಾಕಿ, ಯಾರು ಯಾರಿಗೆ ಬೇಕಾದರೂ ಮತ ಹಾಕಬಹುದು ಅಂತ 1996ರಲ್ಲಿ ಮಾಡಿದ್ದರು. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟ್ 7-2ರಿಂದ ಅದನ್ನು ರದ್ದು ಮಾಡಿತು. ತನ್ನ ಅಭ್ಯರ್ಥಿಯನ್ನು ಯಾರು ಆರಿಸಬೇಕು ಅನ್ನುವುದು ಪಕ್ಷದ ಸಂಘಟನಾ ಸ್ವಾತಂತ್ರ್ಯದ ಭಾಗ ಅಂತ ನ್ಯಾಯಮೂರ್ತಿ ಸ್ಕೇಲಿಯಾ ಬರೆದ ತೀರ್ಪು ಹೇಳಿತು. ಅದಕ್ಕೂ ಮೊದಲು 1986ರಲ್ಲಿ ಕನೆಕ್ಟಿಕಟ್‌ನ ಪ್ರಕರಣ ಬಂದಿತ್ತು. ಅಲ್ಲಿ ರಿಪಬ್ಲಿಕನ್ ಪಕ್ಷವೇ ಪಕ್ಷೇತರರನ್ನು ಕರೆದಿತ್ತು, ರಾಜ್ಯದ ಕಾನೂನು ಅಡ್ಡ ಬಂದಿತ್ತು. ಆಗಲೂ ಕೋರ್ಟ್ ಪಕ್ಷದ ಪರವಾಗಿ ನಿಂತಿತು. ಎರಡನ್ನೂ ಸೇರಿಸಿ ನೋಡಿದರೆ, ಕರೆಯುವ ಹಕ್ಕೂ ಪಕ್ಷಕ್ಕಿದೆ, ಬೇಡ ಅನ್ನುವ ಹಕ್ಕೂ ಇದೆ. ಕೊಲೊರಾಡೋದ ನಾಲ್ಕನೇ ಮೂರರ ನಿಯಮ ಇರುವುದು ಈ ಹಕ್ಕಿಗೆ ಜಾಗ ಬಿಡಲಿಕ್ಕೇ. ಆ ಮಟ್ಟ ತೀರಾ ಎತ್ತರ ಆಯಿತು ಅನ್ನುವುದು ಪಕ್ಷದ ದೂರು. 2024ರ ಪ್ರೈಮರಿಯಲ್ಲೇ ಪಕ್ಷೇತರರನ್ನು ತಡೆಯಬೇಕು ಅನ್ನುವ ಮನವಿಯನ್ನು ಆ ವರ್ಷದ ಫೆಬ್ರವರಿಯಲ್ಲಿ ನ್ಯಾಯಾಧೀಶರು ತಳ್ಳಿಹಾಕಿದರು.

ಇದೇ ಹೊತ್ತಿನ ಇನ್ನೊಂದು ಸಂಗತಿ ನನಗೆ ಬಹಳ ಕುತೂಹಲ ಹುಟ್ಟಿಸಿತು. ಟ್ರಂಪ್ ಹೆಸರನ್ನು ಕೊಲೊರಾಡೋ ಪ್ರೈಮರಿಯಿಂದ ತೆಗೆಯಬೇಕು ಅಂತ ನಡೆದ ಆ ಪ್ರಸಿದ್ಧ ಮೊಕದ್ದಮೆ ನೆನಪಿದೆಯಲ್ವಾ? ಅದನ್ನು ಹೂಡಿದ ಆರು ಮತದಾರರಲ್ಲಿ ಇಬ್ಬರು ಪಕ್ಷೇತರರು. ರಿಪಬ್ಲಿಕನ್ ಪ್ರೈಮರಿಯಲ್ಲಿ ಓಟು ಹಾಕುವ ಹಕ್ಕು ಅವರಿಗೂ ಇದ್ದದ್ದರಿಂದಲೇ ಅವರೂ ಕೋರ್ಟಿಗೆ ಹೋಗಲು ಆಯಿತು. 2024ರ ಮಾರ್ಚ್ 4ರಂದು, ಅಧ್ಯಕ್ಷೀಯ ಪ್ರೈಮರಿಗೆ ಒಂದು ದಿನ ಮೊದಲು, ಸುಪ್ರೀಂ ಕೋರ್ಟ್ ಟ್ರಂಪ್ ಪರವಾಗಿ ತೀರ್ಪು ಕೊಟ್ಟಿತು.

ಅಕ್ಕನ ಕ್ಷೇತ್ರ

ಹೈಲ್ಯಾಂಡ್ಸ್ ರಾಂಚ್ ಇರುವುದು ಡಗ್ಲಸ್ ಕೌಂಟಿಯಲ್ಲಿ, ಸಂಸತ್ತಿನ ಕೆಳಮನೆಯ 4ನೇ ಕ್ಷೇತ್ರದಲ್ಲಿ. ಪೂರ್ವದ ಬಯಲು ಸೀಮೆಯ ಹೊಲಗಳು, ದನಗಳ ರಾಂಚ್‌ಗಳು, ಡೆನ್ವರ್‌ನ ದಕ್ಷಿಣದ ಬಡಾವಣೆಗಳು ಎಲ್ಲ ಸೇರಿದ ದೊಡ್ಡ ಕ್ಷೇತ್ರ. ರಿಪಬ್ಲಿಕನ್ನರ ಭದ್ರಕೋಟೆ. ಅಲ್ಲಿನ ಸಂಸದ ಕೆನ್ ಬಕ್ ಮತ್ತೆ ನಿಲ್ಲುವುದಿಲ್ಲ ಅಂದರು. ಆಮೇಲೆ 2024ರ ಮಾರ್ಚ್‌ನಲ್ಲಿ ಅವಧಿ ಮುಗಿಯುವ ಮೊದಲೇ ಸ್ಥಾನ ಬಿಟ್ಟರು. 546 ಮತಗಳಿಂದ ಪಾರಾಗಿದ್ದ ಬೋಬರ್ಟ್ 3ನೇ ಕ್ಷೇತ್ರ ಬಿಟ್ಟು ಈ ಕಡೆಗೆ ಬಂದರು. ರಿಪಬ್ಲಿಕನ್ ಬ್ಯಾಲೆಟ್‌ನಲ್ಲಿ ಒಟ್ಟು ಆರು ಹೆಸರು.

ಅದೇ ಜೂನ್ 25ರಂದು ಬಕ್ ಅವರ ಉಳಿದ ಕೆಲವು ತಿಂಗಳಿಗೆ ಉಪಚುನಾವಣೆಯೂ ಇತ್ತು. ಅದಕ್ಕೆ ರಿಪಬ್ಲಿಕನ್ ಅಭ್ಯರ್ಥಿಯನ್ನು ಪ್ರೈಮರಿಯಲ್ಲಿ ಆರಿಸಲಿಲ್ಲ. ಪಕ್ಷದ ಒಂದು ಸಮಿತಿ ಕೂತು ಆರಿಸಿತು. ಅವರು ಯಾರು ಗೊತ್ತಾ? 2022ರ ಗವರ್ನರ್ ಪ್ರೈಮರಿಯಲ್ಲಿ ಸೋತಿದ್ದ ಗ್ರೆಗ್ ಲೋಪೆಜ್. ಸುಲಭವಾಗಿ ಗೆದ್ದರು. ಅಂದರೆ ಅಕ್ಕನ ಊರಿಗೆ ಒಬ್ಬ ಸಂಸದನನ್ನು ನಿಜವಾಗಿ ಆರಿಸಿದ್ದು ಒಂದು ಸಭಾಂಗಣದಲ್ಲಿ ಹಿಡಿಸುವಷ್ಟು ಜನ. “ಜೂನ್‌ನಲ್ಲೇ ತೀರ್ಮಾನ” ಅಂತ ಅಕ್ಕ ಹೇಳಿದ್ದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಭಾವನಿಗೆ ನಾನು ಅವತ್ತು ಹೇಳಿದ್ದು ಇಷ್ಟು: “ಭಾವ, ಹಾಲಿನ ಸೊಸೈಟಿ ಆರಿಸೋದು ಸೊಸೈಟಿ ಅಧ್ಯಕ್ಷರನ್ನ. ಹಾಲು ಹಾಕದವರ ಮೇಲೆ ಅವರ ಅಧಿಕಾರ ನಡೆಯಲ್ಲ. ಇಲ್ಲಿ ಗೆದ್ದವರು ನಿಮ್ಮ ತೆರಿಗೆ ಬಗ್ಗೆ, ವೀಸಾ ಕಾನೂನಿನ ಬಗ್ಗೆ ಓಟು ಹಾಕ್ತಾರೆ. ಮತ್ತೆ ಈ ಬ್ಯಾಲೆಟ್ ಅಚ್ಚು ಹಾಕಿರೋದು ನಿಮ್ಮ ದುಡ್ಡಲ್ಲೇ.” ಪಕ್ಷ ತನ್ನ ಮನೆಯ ಕೆಲಸವನ್ನು ತನ್ನ ಖರ್ಚಿನಲ್ಲಿ, ತನ್ನ ಸಮಾವೇಶದಲ್ಲಿ ಮಾಡಿಕೊಂಡರೆ ಹೊರಗಿನವರು ಕೇಳಲು ಬರಬಾರದು. ಸರ್ಕಾರಿ ಖರ್ಚಿನ ಚುನಾವಣೆಯೂ ಬೇಕು, ಅರ್ಧ ಮತದಾರರು ಹೊರಗೂ ಇರಬೇಕು ಅನ್ನುವುದು ನನಗೆ ಸರಿ ಕಾಣುವುದಿಲ್ಲ.

ಭಾವ ತಕ್ಷಣ ಒಪ್ಪಲಿಲ್ಲ. “ಸರಿ, ಆದರೆ ಅವರ ಪಕ್ಷಕ್ಕೆ ಏನು ಬೇಕು ಅಂತ ನಂಗೆ ಹೇಗೆ ಗೊತ್ತು? ನಾನು ಹಾಕಿದ ಓಟು ಆ ಪಕ್ಷವನ್ನೇ ಬದಲಾಯಿಸಿಬಿಟ್ರೆ?” ಅಂದರು. ಒಳ್ಳೆಯ ಪ್ರಶ್ನೆ. ನನ್ನ ಉತ್ತರ, ಪಕ್ಷಕ್ಕೆ ಏನು ಬೇಕು ಅಂತ ಪಕ್ಷೇತರರು ಯೋಚಿಸಬೇಕಿಲ್ಲ. ಈ ಆರು ಜನರಲ್ಲಿ ಯಾರು ಸಂಸದರಾದರೆ ನಾನು ಒಪ್ಪಿಕೊಳ್ಳಬಲ್ಲೆ ಅಂತ ಕೇಳಿಕೊಂಡರೆ ಸಾಕು. ಒಬ್ಬರೂ ಇಲ್ಲ ಅನ್ನಿಸಿದರೆ ಆ ಬ್ಯಾಲೆಟ್ ಮುಟ್ಟಬಾರದು. ಇನ್ನೊಂದು ತುಂಬಬೇಕು, ಇಲ್ಲವೇ ಬಿಡಬೇಕು.

ಅಕ್ಕ ರಿಪಬ್ಲಿಕನ್ ಬ್ಯಾಲೆಟ್ ತುಂಬಿದಳು. ಆರೂ ಜನರ ಬಗ್ಗೆ ಎರಡು ಸಂಜೆ ಕೂತು ಓದಿದಳು, ಚರ್ಚೆಯ ವಿಡಿಯೋ ನೋಡಿದಳು. ಯಾರಿಗೆ ಹಾಕಿದಳು ಅಂತ ನಾನು ಕೇಳಲಿಲ್ಲ. ಭಾವ ತಮ್ಮ ಕವರ್ ಬಿಚ್ಚಲೇ ಇಲ್ಲ.

ಬೋಬರ್ಟ್ ಶೇ. 43ಕ್ಕೂ ಸ್ವಲ್ಪ ಜಾಸ್ತಿ ಮತ ಪಡೆದು ಗೆದ್ದರು. ಎರಡನೇ ಸ್ಥಾನದವರಿಗೆ ಬಂದದ್ದು ಸುಮಾರು 14. ಅರ್ಧಕ್ಕಿಂತ ಹೆಚ್ಚು ಮತದಾರರು ಬೇರೆ ಯಾರಾದರೂ ಆಗಲಿ ಅಂದಿದ್ದರು. ಆದರೆ ಆ ಓಟು ಐದು ಕಡೆ ಹಂಚಿಹೋಯಿತು. ಬಾಗಿಲು ತೆಗೆದರೂ ಈ ಸಮಸ್ಯೆ ಹಾಗೇ ಉಳಿಯುತ್ತದೆ. ಅದೇ ದಿನ ಪಕ್ಕದ 5ನೇ ಕ್ಷೇತ್ರದಲ್ಲಿ ರಾಜ್ಯ ಪಕ್ಷದ ಅಧ್ಯಕ್ಷ ಡೇವ್ ವಿಲಿಯಮ್ಸ್ ಅವರೇ ದೊಡ್ಡ ಅಂತರದಲ್ಲಿ ಸೋತರು. ಅವರಿಗೆ ಟ್ರಂಪ್ ಬೆಂಬಲವೂ ಇತ್ತು. 3ನೇ ಕ್ಷೇತ್ರಕ್ಕೆ ಬಂದು ನಿಂತಿದ್ದ ರಾನ್ ಹ್ಯಾಂಕ್ಸ್ ವಕೀಲ ಜೆಫ್ ಹರ್ಡ್ ಎದುರು ಸೋತರು. ಈ ಸಲವೂ ಹ್ಯಾಂಕ್ಸ್ ಗೆಲ್ಲಲಿ ಅಂತ ಎದುರು ಪಕ್ಷದ ಕಡೆಯಿಂದ ಜಾಹೀರಾತು ಬಂದಿತ್ತು. ನವೆಂಬರ್‌ನಲ್ಲಿ ಹರ್ಡ್ ಆ ಸ್ಥಾನ ಗೆದ್ದರು, ಅದೂ 546ಕ್ಕಿಂತ ಬಹಳ ದೊಡ್ಡ ಅಂತರದಲ್ಲಿ.

ಆ ನವೆಂಬರ್‌ನಲ್ಲಿ ಇನ್ನೊಂದು ಪ್ರಸ್ತಾವ ಬಂತು, ಸಂಖ್ಯೆ 131. ಅದರ ಹಿಂದೆಯೂ ಥೀರಿ ಇದ್ದರು. ಪಕ್ಷಗಳಿಗೆ ಬೇರೆ ಬೇರೆ ಪ್ರೈಮರಿಯೇ ಬೇಡ, ಎಲ್ಲ ಅಭ್ಯರ್ಥಿಗಳೂ ಒಂದೇ ಬ್ಯಾಲೆಟ್‌ನಲ್ಲಿ ಬರಲಿ, ಮೊದಲ ನಾಲ್ವರು ನವೆಂಬರ್‌ಗೆ ಹೋಗಲಿ, ಅಲ್ಲಿ ಮತದಾರರು ಒಂದು, ಎರಡು, ಮೂರು ಅಂತ ಕ್ರಮ ಕೊಡಲಿ ಅನ್ನುವುದು ಅದರ ಸಾರ. ಜೂನ್‌ನಲ್ಲಿ ಓಟು ಐದು ಕಡೆ ಹಂಚಿಹೋದದ್ದನ್ನು ನೋಡಿದ್ದ ಅಕ್ಕ ‘ಹೌದು’ ಅಂದಳು. ಪಕ್ಷಕ್ಕೆ ತನ್ನದು ಅಂತ ಒಂದು ಕೋಣೆಯಾದರೂ ಇರಬೇಕು ಅಂತ ಭಾವ ‘ಬೇಡ’ ಅಂದರು. ಪ್ರಸ್ತಾವ ಬಿದ್ದುಹೋಯಿತು.

ಮುಂದಿನ ಪ್ರೈಮರಿಗೆ ಒಂದೇ ಪಕ್ಷದ ಬ್ಯಾಲೆಟ್ ಬೇಕು ಅಂತ ಮೊದಲೇ ತಿಳಿಸುವ ಅವಕಾಶವೂ ಇದೆ. ಮೊನ್ನೆ ಭಾವನಿಗೆ ಅದನ್ನು ಹೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದರು.

“ಬೇಡ, ಎರಡೂ ಬರಲಿ ಬಿಡು. ಈ ಸಲ ಕವರ್ ಬಿಚ್ಚಿ ನೋಡ್ತೀನಿ” ಅಂದರು.